ಲೈಟಿನ ಸಾಹೇಬರು

ಶನಿವಾರ ಸಂಜೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ವಿಮಲಾಬಾಯಿಯವರು ಕಡಿದದ್ದು ಅಡಿಕೆಯಲ್ಲ, ಗುಂಡಿ. ಮಗನ ಕೋಟಿನಿಂದ ಕಿತ್ತುಬಂದ ಗುಂಡಿಯನ್ನು, ಆಮೇಲೆ ಹೊಲಿದರಾಯಿತೆಂದು ತಮ್ಮ ಎಲೆಚೀಲಕ್ಕೆ ಹಾಕಿಕೊಂಡವರು ಅವರೇ. ಆದರೆ ತಪ್ಪು ಬಿದ್ದದ್ದು ಕಾರಿನ ಮೇಲೆ. ಚಿಂಚೋಳಿಯಿಂದ ವಾಡಿ ಬರುವ ತನಕ ಒಂದು ಕೈಯಲ್ಲಿ ಗುಂಡಿ ಹಿಡಿದು, ಇನ್ನೊಂದು ಕೈಯಿಂದ ಅಲುಗಾಡುವ ಹಲ್ಲನ್ನು ಒತ್ತಿಕೊಂಡು ಬೈಯುತ್ತಲೇ ಬಂದರು.

"ಇಷ್ಟ್ ರೊಕ್ಕಾ ಸುರುವಿ ಕತ್ತಲಿ ಕೋಣಿ ತಂದಾನ ನನ್ ಮಗ. ಮುಂದ ಲೈಟ್ ಅದ, ಹಿಂದ ಇಲ್ಲ. ಹಿಂದ ಕುಂತವ್ರು ಮನುಷ್ಯಾರಲ್ಲೇನು?"

ಮಗ ಕಾಶೀನಾಥನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಕಲ್ಲಿನ ಲಾರಿಯನ್ನಾದರೂ ತಾನೇ ಹೊತ್ತಾನು, ಅವ್ವನ ಬಾಯಿಯನ್ನು ತಡೆಯಲಾರ. ಮರುದಿನ ಭಾನುವಾರ ಬೆಳಿಗ್ಗೆ ಎರಡು ಪುಟ್ಟ ಲೈಟು, ಒಂದು ಸುತ್ತು ವೈರು ಹಿಡಿದುಕೊಂಡು ಎದುರುಮನೆಯ ನಾಮದೇವನ ಬಾಗಿಲಲ್ಲಿ ನಿಂತ.

"ಸಾಹೇಬ್ರ, ಕಾರಿನ ಹಿಂದಿನ ಸೀಟಿಗಿ ಎರಡ್ ಲೈಟ್ ಕೂಡಸ್ಬೇಕಾಗ್ಯದ. ನಿಮಗ ಇದು ಎಡಗೈ ಕೆಲಸ."

ಚಹಾ ಕುಡಿಯುತ್ತಿದ್ದ ನಾಮದೇವ ಕಪ್ಪನ್ನು ಕೆಳಗಿಟ್ಟ.

ವಾಡಿ ರೈಲಿನ ಊರು. ಅಲ್ಲಿ ಮನುಷ್ಯನನ್ನು ಹೆಸರಿಗಿಂತ ಮೊದಲು ಡಿಪಾರ್ಟ್‌ಮೆಂಟಿನಿಂದ ಗುರುತಿಸುತ್ತಾರೆ. ಲೋಕೋ ಆಫೀಸಿನಲ್ಲಿ ಫೈಲು ಕಟ್ಟುವವನನ್ನೂ ಎಂಜಿನ್ನು ಓಡಿಸುವವನೆಂದೇ ತಿಳಿಯುತ್ತಾರೆ. ಮೆಡಿಕಲ್‌ನ ಜವಾನ ಓಣಿಗೆ ಬಂದರೆ ಅವನಿಗೆ ನಾಲಿಗೆ ಚಾಚಿ ತೋರಿಸುತ್ತಾರೆ. ನಾಮದೇವ ಹನ್ನೆರಡು ವರ್ಷದಿಂದ 'ಎಲೆಕ್ಟ್ರಿಕಲ್'ನಲ್ಲಿದ್ದ. ಅಂದರೆ ಎಲೆಕ್ಟ್ರಿಕಲ್ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದ. ಯಾರು ಎಷ್ಟು ದಿನ ರಜೆ ಹೋದರೆಂದು ಬರೆಯುವುದು, ರಿಪೇರಿಯ ವರದಿಗಳನ್ನು ರಿಜಿಸ್ಟರಿಗೆ ಏರಿಸುವುದು, ಇಷ್ಟೇ ಅವನ ಕೆಲಸ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ ಅನಸುಬಾಯಿ, ಅದೂ ಬಾಗಿಲು ಹಾಕಿಕೊಂಡು.

ಮೊದಲ ದಿನವೇ 'ನಾನು ಬರೀ ಕ್ಲಾರ್ಕು' ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಈ ಓಣಿಗೆ ಬಂದ ಹೊಸದರಲ್ಲಿ ವಿಮಲಾಬಾಯಿಯವರು ಅವನನ್ನು ಅಂಗಳದಾಚೆ ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ಎಲೆಕ್ಟ್ರಿಕಲ್ ಎಂದು ತಿಳಿದ ಮರುವಾರ, ಮನೆಯ ಫ್ಯಾನು ನಿಂತಾಗ, "ಲೈಟಿನ ಸಾಹೇಬ್ರು ಬಂದಾರ, ಕುರ್ಚಿ ಹಾಕ್ರಿ" ಎಂದರು. ಪುಣ್ಯಕ್ಕೆ ಅಷ್ಟರಲ್ಲಿ ಕರೆಂಟೇ ಬಂದು ಫ್ಯಾನು ತಿರುಗಿತು, ಆ ಕೀರ್ತಿ ಇವನಿಗೆ ಬಂತು. ಕ್ಲಾರ್ಕೆಂದು ಗೊತ್ತಾದರೆ ತಾನು ಮತ್ತೆ ಅಂಗಳದಾಚೆಗೇ ನಿಲ್ಲಬೇಕಾದೀತು ಎಂಬ ಹೆದರಿಕೆ ಅಂದಿನಿಂದ ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

"ಇವತ್ತ್ ಐತವಾರ ಅಲ್ರೀ ಸಾವ್ಕಾರ್ರ..." ಎಂದು ನಾಮದೇವ ರಾಗ ಎಳೆದ.

"ಅದಕ್ಕೇ ಬಂದೀನ್ರಿ. ನಾಳಿ ನಸುಕಿನ್ಯಾಗ ಅವ್ವನ್ನ ಕಲಬುರಗಿಗಿ ಹಲ್ಲಿನ ಡಾಕ್ಟರ್ ಬಲ್ಲಿ ಒಯ್ಯಬೇಕು. ಹಿಂದ ಲೈಟ್ ಇಲ್ಲಂದ್ರ ಗಾಡಿ ಹತ್ತಂಗಿಲ್ಲ ಅಂತ ಹಟಾ ಹಿಡದು ಕುಂತಾಳ."

ಒಳಗಿನಿಂದ ಅನಸುಬಾಯಿ ಕಣ್ಣಿನಲ್ಲಿ 'ಬ್ಯಾಡ' ಎಂದಳು. ಆದರೆ ಗಂಡನ ಮರ್ಯಾದೆ ಕಾಯಬೇಕಲ್ಲ, ಬಾಯಿಯಲ್ಲಿ ಮಾತ್ರ, "ಮಾಡ್ತಾರ್ ತಗೋರಿ ಅಣ್ಣಾರ, ಅದೇನ್ ಮಹಾ" ಎಂದುಬಿಟ್ಟಳು.

ಎಂಟು ಗಂಟೆಗೆ ಓಣಿಯ ಅರ್ಧ ಜನ ಕಾರಿನ ಸುತ್ತ ಸೇರಿದ್ದರು. ನಿವೃತ್ತ ಮಾಸ್ತರ ರಮೇಶಕುಮಾರ ಕೂತು ನೋಡಲು ಸ್ಟೂಲು ತಂದಿದ್ದ. ಪಕ್ಕದ ಮನೆಯ ಭಾಗಮ್ಮ ಸೋಸುವ ಮೆಂತ್ಯೆ ಸೊಪ್ಪನ್ನು ಅಲ್ಲಿಗೇ ತಂದಿದ್ದಳು. ನಾಮದೇವ ಜೇಬಿನಿಂದ ಟೆಸ್ಟರ್ ತೆಗೆದ. ಆ ಟೆಸ್ಟರಿನಿಂದ ಅವನು ಈವರೆಗೆ ಮಾಡಿದ್ದ ಕೆಲಸವೆಂದರೆ ಕನ್ನಡಕದ ಸ್ಕ್ರೂ ಬಿಗಿ ಮಾಡಿದ್ದು.

ಕಾರಿನೊಳಗೆ ಮುಂದಿನ ಸೀಟಿನ ಮೇಲಿದ್ದ ಲೈಟಿನ ಮುಚ್ಚಳ ತೆಗೆದರೆ ಒಳಗೆ ಮೂರು ವೈರು. ಕೈಯಲ್ಲಿದ್ದ ಹೊಸ ಲೈಟಿಗೆ ಎರಡೇ. ನಾಮದೇವ ಆ ಮೂರನ್ನೂ ಈ ಎರಡನ್ನೂ ಬಹಳ ಹೊತ್ತು ನೋಡಿದ.

"ಕೆಂಪು ಕೆಂಪಿಗಿ ಕೊಡ್ರಿ," ಎಂದ ಮಾಸ್ತರ. "ಇಪ್ಪತ್ತ್ ವರ್ಷ ವಿಜ್ಞಾನ ಕಲಿಸೀನಿ."

"ಕರಿದು ಗಾಡಿ ಕಬ್ಬಿಣಕ್ಕ ಬಿಗೀರಿ," ಎಂದಳು ಭಾಗಮ್ಮ, ಸೊಪ್ಪಿನಿಂದ ತಲೆ ಎತ್ತದೆ. "ನಮ್ಮ ಟ್ರ್ಯಾಕ್ಟರಿಗಿ ಹಂಗೇ ಮಾಡ್ತಾರ."

"ನಾನೂ ಅದೇ ಮಾಡಾಂವ ಇದ್ದೆ," ಎಂದು ನಾಮದೇವ ಗಂಭೀರವಾಗಿ ಹೇಳಿ, ಅವರು ಹೇಳಿದಂತೆಯೇ ಮಾಡಿದ. ವೈರನ್ನು ಮೇಲಿನ ಬಟ್ಟೆಯ ಸಂದಿಯಲ್ಲಿ ತುರುಕುತ್ತ ಹಿಂದಕ್ಕೆ ಒಯ್ದ. ಎರಡು ತಾಸು ಹಿಡಿಯಿತು. ಬೆವರು ಕಣ್ಣಿಗಿಳಿಯಿತು, ಬೆರಳು ಎರಡು ಕಡೆ ಕೆತ್ತಿಹೋಯಿತು. ಕೊನೆಯ ತಂತಿ ತಾಗಿಸಿ ಕಣ್ಣು ಮುಚ್ಚಿಕೊಂಡ.

ಹಿಂದೆ ಎರಡೂ ಲೈಟು ಝಗ್ ಎಂದು ಹತ್ತಿದವು! ಓಣಿಯವರು ಚಪ್ಪಾಳೆ ಹೊಡೆದರು. ವಿಮಲಾಬಾಯಿಯವರು ಒಳಗೆ ಹತ್ತಿ ಕೂತು, ಎಲೆಚೀಲ ಬಿಚ್ಚಿ ಒಂದೊಂದೇ ಅಡಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಂಗಾರದಂಥಾ ಕೈ ನೋಡಪಾ," ಎಂದರು. ನಾಮದೇವನಿಗೆ ಹೋದ ಜೀವ ಬಂದಂತಾಯಿತು.

"ಹಂ, ಈಗ ಬಂದ್ ಮಾಡ್ರಿ," ಎಂದ ಕಾಶೀನಾಥ.

ನಾಮದೇವ ಬಾಗಿಲು ಹಾಕಿದ. ಮುಂದಿನ ಲೈಟು ಆರಿತು, ಹಿಂದಿನವು ಉರಿದವು. ಕೀಲಿ ತೆಗೆದ, ಉರಿದವು. ಗುಂಡಿ ಒತ್ತಿದ, ಉರಿದವು. ನಾಲ್ಕೂ ಬಾಗಿಲನ್ನು ಮತ್ತೊಮ್ಮೆ ಜೋರಾಗಿ ಬಡಿದ. ಆಗಲೂ ಉರಿದವು.

"ಹೊಸಾ ಲೈಟ್ ಅಲ್ರೀ, ಪಳಗಬೇಕು," ಎಂದ.

"ಹಿಂಗೇ ಉರದ್ರ ಬೆಳಗ ಹರಿಯೋದ್ರಾಗ ಬ್ಯಾಟ್ರಿ ಕುಂದರ್ತದ. ಗಾಡಿ ಚಾಲೂನೇ ಆಗಂಗಿಲ್ಲ," ಎಂದ ಮಾಸ್ತರ.

ವೈರು ಕಿತ್ತರೆ ಲೈಟು ಆರುತ್ತದೆ, ಅಷ್ಟು ಅವನಿಗೂ ಗೊತ್ತಿತ್ತು. ಆದರೆ ಲೈಟಿನೊಂದಿಗೆ ಹನ್ನೆರಡು ವರ್ಷದ ಹೆಸರೂ ಆರಿಹೋಗುತ್ತದೆ.

"ಒಂದ್ ಸಾಮಾನು ಬೇಕ್ರಿ, ಆಫೀಸಿನ್ಯಾಗ ಅದ. ಗಾಡಿ ಅಲ್ಲೇ ಒಯ್ದು ಮಾಡ್ಕೊಂಡ್ ಬರ್ತೀನಿ."

"ನಾನೂ ಬರ್ತೀನಿ, ತಡೀರಿ," ಎಂದು ಮಾಸ್ತರ ಸ್ಟೂಲಿನಿಂದ ಎದ್ದ.

"ಹೊರಗಿನವ್ರಿಗಿ ಒಳಗ ಬಿಡಂಗಿಲ್ರಿ!" ಎಂದು ಕೂಗಿ ನಾಮದೇವ ಗಾಡಿ ಹೊರಡಿಸಿಯೇಬಿಟ್ಟ.

ಹೋದದ್ದು ಆಫೀಸಿಗಲ್ಲ, ಪಕ್ಕದ ಊರು ಶಹಾಬಾದಿಗೆ. ವಾಡಿಯಲ್ಲಿ ಯಾವ ಮಿಸ್ತ್ರಿಯ ಹತ್ತಿರ ಹೋದರೂ ಸಂಜೆಯೊಳಗೆ ಸುದ್ದಿ ಓಣಿಗೆ ಮುಟ್ಟುತ್ತದೆ. ಹಾಡುಹಗಲು, ನೆತ್ತಿಯ ಮೇಲೆ ಬಿಸಿಲು, ಕಾರಿನೊಳಗೆ ಮದುವೆಮನೆಯ ಬೆಳಕು. ರೈಲ್ವೆ ಗೇಟಿನಲ್ಲಿ ನಿಂತಾಗ ಐದು ಮಂದಿ ಬಂದು ಕಿಟಕಿ ಬಡಿದು, "ಅಣ್ಣಾ, ಲೈಟ್ ಹತ್ಯಾವ" ಎಂದರು. ಐದು ಮಂದಿಗೂ ಅವನು, "ಗೊತ್ತದಪ್ಪಾ" ಎಂದ.

ಭಂಕೂರ ಕ್ರಾಸಿನ ಹತ್ತಿರ ಹಾಜಿಸಾಬನ ಆಟೋ ಎಲೆಕ್ಟ್ರಿಕ್ ಅಂಗಡಿ. ಹಾಜಿಸಾಬ ಗಡ್ಡ ಸವರುತ್ತ ಕಾರಿನೊಳಗೆ ತಲೆ ಹಾಕಿದ, ಹೊರಗೆ ತೆಗೆದ.

"ಯಾವ ಕತ್ತೆ ಹಾಕ್ಯಾನ್ರೀ ಇದು?"

"ಯಾರೋ ಒಬ್ಬಾಂವ ಹಾಕ್ಯಾನ್ರಿ," ಎಂದ ನಾಮದೇವ, ನೆಲ ನೋಡುತ್ತ.

"ಅಂಥೋರ ಕೈಯಾಗ ಗಾಡಿ ಕೊಡಬ್ಯಾಡ್ರಿ. ನಿಮ್ಮ ಹೆಸ್ರು?"

ಬಾಯಿಗೆ ಮಗನ ಹೆಸರು ಬಂತು. "ಅಜಯಕುಮಾರ. ಚಿತ್ತಾಪುರದಾಂವ."

ಹಾಜಿಸಾಬ ಅರ್ಧ ತಾಸು ಕೆದರಿದ. ಲೈಟು ಆರಲಿಲ್ಲ. "ನನ್ ಕೈ ಲಾರಿಗಿ, ಟ್ರ್ಯಾಕ್ಟರಿಗಿ ಕೂತದ ನೋಡ್ರಿ. ಬಾಗಿಲಾ ಹಾಕಿದ್ರ ಲೈಟ್ ತಾನೇ ಆರೋದು, ಈ ಹೊಸಾ ಗಾಡಿ ಹಿಕಮತ್ತು ಜರಾ ಬ್ಯಾರೆ ಅದ. ಫಿಕರ್ ಮಾಡಬ್ಯಾಡ್ರಿ, ಒಬ್ರು ಉಸ್ತಾದ್ ಅದಾರ, ಕೇಳ್ತೀನಿ. ನೀವು ಆ ಕಡಿ ಚಹಾ ಕುಡ್ಕೊಂಡ್ ಬರ್ರಿ."

ಸದ್ಯ, ಬಲ್ಲವರು ಯಾರೋ ಸಿಕ್ಕರಲ್ಲ ಎಂದು ನಾಮದೇವ ಹಗುರಾಗಿ ರಸ್ತೆ ದಾಟಿ ಚಹಾದಂಗಡಿಯಲ್ಲಿ ಕೂತ. ಒಂದು ಗುಟುಕು ಒಳಗೆ ಹೋಗಿತ್ತು, ಜೇಬಿನಲ್ಲಿ ಫೋನು ನಡುಗಿತು. ಗೊತ್ತಿಲ್ಲದ ನಂಬರು.

"ಸಲಾಂ ಸಾಹೇಬ್ರ. ವಾಡಿ ಎಲೆಕ್ಟ್ರಿಕಲ್ ನಾಮದೇವ ಸಾಹೇಬ್ರಲ್ರೀ? ಶಹಾಬಾದದಿಂದ ಹಾಜಿಸಾಬ ಮಾತಾಡ್ಲಿಕತ್ತೀನಿ. ಫರಸಿ ಕಾಶೀನಾಥ ಸಾವ್ಕಾರ್ರು ನಮ್ ದೋಸ್ತ್, ನಿಮ್ ನಂಬರ್ ಅವ್ರೇ ಯಾವಾಗ್ಲೋ ಕೊಟ್ಟಿದ್ರು. ಇಲ್ಲೊಬ್ಬ ಗಿರಾಕಿ ಬಂದಾನ, ಪಾಪ, ಯಾರೋ ಅವನ ಗಾಡಿ ಕೆಡಸ್ಯಾರ."

ನಾಮದೇವ ತಲೆ ಎತ್ತಿ ನೋಡಿದ. ರಸ್ತೆಯಾಚೆ ಹಾಜಿಸಾಬ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ಇವನು ಕಪ್ಪು ಅಲ್ಲೇ ಬಿಟ್ಟು ಅಂಗಡಿಯ ತಗಡಿನ ಹಿಂದೆ ಓಡಿದ. ಅದೇ ಹೊತ್ತಿಗೆ ಕಲ್ಲಿನ ಲಾರಿಯೊಂದು ಹಾರ್ನು ಬಾರಿಸುತ್ತ ಹೋಯಿತು.

"ಸಾಹೇಬ್ರ, ನಿಮ್ ಕಡಿನೂ ಲಾರಿ ಹೊಂಟದೇನು?"

"ವಾಡ್ಯಾಗ ಲಾರಿ ಇಲ್ಲೇನ್ರಿ?" ಎಂದ ನಾಮದೇವ, ದನಿಯನ್ನು ಸಾಧ್ಯವಾದಷ್ಟು ದಪ್ಪ ಮಾಡಿ.

"ಹೌದೌದು. ಲೈಟ್ ಆರವಲ್ವು ಸಾಹೇಬ್ರ. ಏನ್ ಮಾಡ್ಲಿ?"

ನಾಮದೇವನ ತಲೆ ಖಾಲಿಯಾಯಿತು. ಆ ಖಾಲಿಯಲ್ಲಿ ಒಂದು ಸಾಲು ತೇಲಿಬಂತು. ಇಷ್ಟು ವರ್ಷ ಅವನು ರಿಜಿಸ್ಟರಿಗೆ ಏರಿಸಿದ ನೂರಾರು ವರದಿಗಳ ಕೊನೆಯ ಸಾಲು: 'ಅರ್ಥ್ ವೈರ್ ಸರಿಪಡಿಸಲಾಯಿತು.' ಅದರ ಅರ್ಥ ಅವನಿಗೆ ಇಂದಿಗೂ ತಿಳಿಯದು.

"ಅರ್ಥ್ ನೋಡ್ರಿ," ಎಂದು ಹೇಳಿ ಫೋನು ಕಟ್ ಮಾಡಿದ.

ಹತ್ತು ನಿಮಿಷಕ್ಕೆ ಹಾಜಿಸಾಬನ ಕೂಗು ರಸ್ತೆಯಾಚೆಯಿಂದ ಬಂತು. "ಬರ್ರಿ ಅಜಯಕುಮಾರ ಸಾಬ್! ಆಯ್ತ್ ಬರ್ರಿ!" ಅರ್ಥ್ ಎಂದು ಗಾಡಿಯ ಕಬ್ಬಿಣಕ್ಕೆ ಬಿಗಿದಿದ್ದ ಕರಿಯ ವೈರನ್ನು ಬಿಡಿಸಿ ಬಾಗಿಲಿನ ವೈರಿಗೆ ಕೊಟ್ಟಿದ್ದ. ಬಾಗಿಲು ತೆರೆದರೆ ಹತ್ತಿತು, ಹಾಕಿದರೆ ಆರಿತು. "ಏನ್ ತಲಿ ಅಂತೀನಿ! ಗಾಡಿ ನೋಡಿಲ್ಲ, ವೈರ್ ಮುಟ್ಟಿಲ್ಲ, ಕುಂತಲ್ಲಿಂದ ಒಂದ್ ಮಾತು ಹೇಳಿದ್ರು. ಇಂಥಾ ಉಸ್ತಾದ್ರ ಮುಖಾ ಒಮ್ಮೆ ನೋಡಬೇಕು."

ನಾಮದೇವ ಮಜೂರಿ ಕೊಟ್ಟು ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಗೇಟಿನಲ್ಲಿ ಯಾರೂ ಕಿಟಕಿ ಬಡಿಯಲಿಲ್ಲ. ಇಷ್ಟು ನೆಮ್ಮದಿ ಅವನಿಗೆ ನೌಕರಿ ಕಾಯಂ ಆದ ದಿನವೂ ಆಗಿರಲಿಲ್ಲ.

ಓಣಿಯಲ್ಲಿ ಕಾಶೀನಾಥ ಎದುರುಗೊಂಡ. "ಏನ್ರೀ ಸಾಹೇಬ್ರ! ನಮ್ ಗಾಡಿ ಮಾಡ್ಕೋತ ಮಾಡ್ಕೋತ ಶಹಾಬಾದದಾಗ ಇನ್ನೊಂದ್ ಗಾಡಿ ಫೋನಿನ್ಯಾಗೇ ರಿಪೇರಿ ಮಾಡಿದ್ರಂತ? ಹಾಜಿಸಾಬ ಕುಣ್ಯಾಕತ್ತಾನ. ನಿಮ್ಮನ್ನ ನೋಡಬೇಕಂತ ಇಲ್ಲಿಗೇ ಹೊಂಟಾನ."

ನಾಮದೇವನ ಶಿಳ್ಳೆ ಬಾಯಿಯಲ್ಲೇ ಒಣಗಿತು. ಹೊಟ್ಟೆನೋವೆಂದು ಮನೆಯೊಳಗೆ ಹೋಗುವುದರಲ್ಲಿದ್ದ, ಓಣಿಯ ತುದಿಯಲ್ಲಿ ಒಂದು ಕ್ರೂಸರ್ ಗಾಡಿ ತಿರುಗಿತು. ಹಾಜಿಸಾಬ ಇಳಿದ. ನಾಮದೇವನನ್ನು ನೋಡಿದ, ಕಾರನ್ನು ನೋಡಿದ, ಮತ್ತೆ ನಾಮದೇವನನ್ನು ನೋಡಿದ.

"ಅಜಯಕುಮಾರ ಸಾಬ್? ನೀವಿಲ್ಲಿ?"

"ಯಾವ ಅಜಯಕುಮಾರ? ಇವ್ರೇ ನಾಮದೇವ ಸಾಹೇಬ್ರು," ಎಂದ ಕಾಶೀನಾಥ.

ಇನ್ನು ಓಡಲು ದಾರಿಯಿಲ್ಲ ಎಂದು ಗೊತ್ತಾದ ಮೇಲೆ ನಾಮದೇವನಿಗೆ ಎಲ್ಲಿಲ್ಲದ ಧೈರ್ಯ ಬಂತು.

"ಕೇಳ್ರೆಪಾ ಎಲ್ಲಾರೂ. ನಾನು ಮಿಸ್ತ್ರಿ ಅಲ್ಲ, ಬರೇ ಕ್ಲಾರ್ಕು. ಮಂದಿ ರಜಾ ಬರಿಯಾಂವ. ನನಗ ಲೈಟಿಂದು ಒಂದಕ್ಷರ ತಿಳಿಯಂಗಿಲ್ಲ. ಸಾವ್ಕಾರ್ರ ಗಾಡಿ ಕೆಡಿಸಿದಾಂವ ನಾನೇ. ಹೆಸರು ಬದಲಿಸಿ ಹಾಜಿಸಾಬರ ಬಲ್ಲಿ ಹೋದಾಂವ ನಾನೇ. ಹನ್ನೆರಡು ವರ್ಷ ನಿಮಗ ಸುಳ್ಳು ಹೇಳೀನಿ. ಬೇಕಾದ್ರ ನೋಡ್ರಿ!" ಎಂದು ಆಫೀಸಿನ ಗುರುತಿನ ಚೀಟಿಯನ್ನೇ ತೆಗೆದು ಮಾಸ್ತರನ ಕೈಗಿಟ್ಟ.

ಹೇಳಿ ಮುಗಿಸಿದಾಗ ಎದೆ ಹತ್ತಿಯಂತೆ ಹಗುರಾಗಿತ್ತು. ಏನು ಬೇಕಾದರೂ ಆಗಲಿ, ಇನ್ನು ಯಾರ ಫ್ಯಾನು ನಿಂತರೂ ತನ್ನ ಎದೆ ಬಡಿದುಕೊಳ್ಳುವುದಿಲ್ಲ. ಬಾಗಿಲಲ್ಲಿ ನಿಂತ ಅನಸುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಸ್ತರ ಕನ್ನಡಕ ಏರಿಸಿ ಚೀಟಿಯನ್ನು ಓದಿದ. "ಎಲೆಕ್ಟ್ರಿಕಲ್ ಅಂತ ಇಷ್ಟ್ ದೊಡ್ಡ ಅಕ್ಷರದಾಗ ಬರದದಲ್ರೀ!"

"ಕೆಳಗ ನೋಡ್ರಿ, ಕೆಳಗ! ಕ್ಲಾರ್ಕ್ ಅಂತ ಅದ!"

"ಸಣ್ಣ ಅಕ್ಷರ ನನಗ ಕಾಣಂಗಿಲ್ಲ," ಎಂದು ಮಾಸ್ತರ ಚೀಟಿಯನ್ನು ತಿರುಗಿ ಕೊಟ್ಟ.

ಅಷ್ಟರಲ್ಲಿ ಹಾಜಿಸಾಬ ಮುಂದೆ ಬಂದು ನಾಮದೇವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ತಿಳೀತ್ರಿ ಉಸ್ತಾದ್, ಎಲ್ಲಾ ತಿಳೀತು. ಬೇಕಂತ ವೈರ್ ಉಲ್ಟಾ ಹಾಕ್ಕೊಂಡು, ಹೆಸ್ರು ಮುಚ್ಚಿಟ್ಟು ನನ್ನ ಪರೀಕ್ಷಾ ಮಾಡಾಕ ಬಂದಿದ್ರಿ! ನಾ ಸೋತೆ ಅಂದಾಗ ಮಂದಿ ಮುಂದ ಮಾನ ಕಳೀಲಾರದೆ ಫೋನಿನ್ಯಾಗ ದಾರಿ ತೋರ್ಸಿದ್ರಿ. ನಾ ನಿಮಗ ಕತ್ತೆ ಅಂದೆ, ನಕ್ಕು ಸುಮ್ಮನಾದ್ರಿ."

"ನಕ್ಕಿಲ್ಲೋ ಮಾರಾಯಾ! ನಾನು ಖರೇನೇ ಕ್ಲಾರ್ಕು!"

"ದೊಡ್ಡವ್ರು ಹಿಂಗೇ ತಮ್ಮನ್ನ ತಾವು ಸಣ್ಣ ಮಾಡ್ಕೋತಾರ ನೋಡ್ರಿ," ಎಂದು ವಿಮಲಾಬಾಯಿಯವರು ಭಾಗಮ್ಮನಿಗೆ ಹೇಳಿದರು. ಭಾಗಮ್ಮ ಹೌದೆಂದು ತಲೆಯಾಡಿಸಿದಳು.

ಹಾಜಿಸಾಬ ಕ್ರೂಸರಿನ ಹಿಂಬಾಗಿಲು ತೆರೆದ. ಒಳಗೆ ಹತ್ತು ಮಂದಿ ಕೂಡುವಷ್ಟು ಕತ್ತಲೆ. ಮೇಲಿನಿಂದ ಬಣ್ಣಬಣ್ಣದ ವೈರುಗಳು ಗೊಂಚಲಾಗಿ ಜೋತುಬಿದ್ದಿದ್ದವು.

"ಮೂರು ಊರಿನ ಮಿಸ್ತ್ರಿಗಳು ಕೈ ಬಿಟ್ಟಾರ ಇದಕ್ಕ. ಹಿಂದ ಆರು ಲೈಟ್ ಕೂಡಬೇಕು, ನಾಳಿ ಮದುವಿ ದಿಬ್ಬಣ ಕಾಳಗಿಗಿ ಹೊಂಟದ. ಈ ಸಲ ಫೋನ್ ಬ್ಯಾಡ್ರಿ ಉಸ್ತಾದ್, ನೀವೇ ಮಾಡ್ರಿ, ನಾ ಬಾಜೂಕ ನಿಂತು ಕಲೀತೀನಿ."

ಮಾಸ್ತರ ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದ. ಹಾಜಿಸಾಬ ಟಾರ್ಚು ಹಚ್ಚಿ ವೈರಿನ ಗೊಂಚಲಿಗೆ ಬೆಳಕು ಹಿಡಿದ.

"ಹಂ, ಹೇಳ್ರಿ ಉಸ್ತಾದ್. ಎಲ್ಲಿಂದ ಶುರು ಮಾಡೋಣ?"