ಹನ್ನೊಂದು ಪರ್ಸೆಂಟಿನ ಸಿನಿಮಾ

ಈ ಸಂಗತಿಯನ್ನು ಹೇಳಬೇಕೆಂದುಕೊಂಡು ಎರಡು ದೀಪಾವಳಿ ದಾಟಿಸಿದೆ. ಮೊದಲು ಕಣ್ಣಿನ ನೆಪವಿತ್ತು. ಹೊಸ ಕನ್ನಡಕ ಬಂತು. ಆಮೇಲೆ ಪೆನ್ನು ಸರಿಯಿಲ್ಲ ಎಂದೆ. ಜಮಖಂಡಿಯಿಂದ ಬಂದ ಅಳಿಯ ಮೂರು ಪೆನ್ನು ಇಟ್ಟುಹೋದ. ಕೊನೆಗೆ, ನಾನು ಓದಿದ್ದು ಹತ್ತನೇ ಇಯತ್ತೆಯವರೆಗೆ, ನನ್ನಂಥವನು ಬರೆದರೆ ಯಾರು ಓದುತ್ತಾರೆ ಎಂಬ ವಿನಯವನ್ನು ಹಿಡಿದುಕೊಂಡೆ. ವಿನಯ ಬಹಳ ಉಪಯೋಗದ ವಸ್ತು. ಅದರ ಹಿಂದೆ ನಿಂತರೆ ಎಂಥ ಹೇಡಿಯೂ ಸಭ್ಯ ಗೃಹಸ್ಥನಂತೆ ಕಾಣುತ್ತಾನೆ. ಹೇಳಬೇಕಾದದ್ದು ದೊಡ್ಡ ಕಥೆಯೇನಲ್ಲ. ನಮ್ಮ ಟಿವಿಯಲ್ಲಿ ಸಿನಿಮಾ ಬೇಗ ಇಳಿಯುತ್ತಿರಲಿಲ್ಲ. ಅದಕ್ಕಾಗಿ ನಾನು ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ. ಆ ತಪ್ಪನ್ನು ಅವನ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ.

ನಮ್ಮದು ಬನಹಟ್ಟಿ. ಮನೆಯ ಮುಂದಿನ ಅರ್ಧದಲ್ಲಿ ನಾಲ್ಕು ಪವರ್‌ಲೂಮ್, ಹಿಂದಿನ ಅರ್ಧದಲ್ಲಿ ನಾವು. ಬೇರೆ ಊರಿನ ಜನ ಕರೆಂಟ್ ಇದ್ದಾಗ ಸಿನಿಮಾ ನೋಡುತ್ತಾರೆ. ನಾವು ಕರೆಂಟ್ ಹೋದಾಗ ನೋಡುತ್ತೇವೆ. ಕರೆಂಟ್ ಇರುವಷ್ಟು ಹೊತ್ತು ಮಗ್ಗಗಳು ಬಡಿಯುತ್ತವೆ. ಆ ಸದ್ದಿನಲ್ಲಿ ಟಿವಿಯ ನಾಯಕ ನಾಯಕಿಗೆ ಏನು ಹೇಳುತ್ತಿದ್ದಾನೆಂಬುದು ಅವರಿಬ್ಬರಿಗೇ ಗೊತ್ತು. ಕರೆಂಟ್ ಹೋಯಿತೆಂದರೆ ಮಗ್ಗ ನಿಲ್ಲುತ್ತವೆ, ಓಣಿಯೆಲ್ಲ ತಣ್ಣಗಾಗುತ್ತದೆ, ಆಗ ಇನ್ವರ್ಟರ್ ಮೇಲೆ ಟಿವಿ ಹಚ್ಚಿ ನಾನು ಮತ್ತು ನನ್ನ ಹೆಂಡತಿ ಕೂಡುತ್ತೇವೆ. ಆದರೆ ಕರೆಂಟಿನ ಜೊತೆ ಕಂಬದ ಮೇಲಿನ ಇಂಟರ್ನೆಟ್ಟೂ ಹೋಗುತ್ತದೆ. ಆದ್ದರಿಂದ ಸಿನಿಮಾವನ್ನು ಮೊದಲೇ ಇಳಿಸಿ ಇಟ್ಟುಕೊಂಡಿರಬೇಕು. ಅಳಿಯ ಇದಕ್ಕೆಂದೇ ಟಿವಿಯ ಹಿಂದೆ ಒಂದು ಪುಟ್ಟ ಕರಿ ಪೆಟ್ಟಿಗೆ ಸಿಕ್ಕಿಸಿ, ಅದರಲ್ಲಿ ಸಿನಿಮಾ ಇಳಿಸುವುದನ್ನು ಕಲಿಸಿ ಹೋಗಿದ್ದ. ಮಗ ಹಗಲೆಲ್ಲ ಮಗ್ಗದ ಮುಂದೆಯೇ ಇರುತ್ತಾನೆ, ಅವನಿಗೆ ಮೊಬೈಲಿನಲ್ಲಿ ಸ್ವಂತ ನೆಟ್ ಇದೆ. ನಮ್ಮ ಸಿನಿಮಾದ ಗೊಡವೆ ಅವನಿಗಿಲ್ಲ.

ಇಂಟರ್ನೆಟ್ ತಂತಿ ಎಳೆದವನು ನಮ್ಮ ಓಣಿಗೆ ಗೊತ್ತಿದ್ದವನೇ. ನಲವತ್ತು ದಾಟಿದ ಮನುಷ್ಯ. ಮೊದಲು ನಮ್ಮ ಹಾಗೆ ನೇಕಾರನಾಗಿದ್ದ, ಎರಡು ಮಗ್ಗ ಮಾರಿ ಈ ವ್ಯವಹಾರಕ್ಕೆ ಇಳಿದಿದ್ದ. ಜನ ಅವನನ್ನು ವೈರಿನವ ಎಂದೇ ಕರೆಯುತ್ತಿದ್ದರು. ಎರಡು ಕೊಂಬಿನ ಬಿಳಿ ಡಬ್ಬಿಯನ್ನು ಟಿವಿಯ ಪಕ್ಕದ ಗೋಡೆಯ ಮಾಡದಲ್ಲಿಟ್ಟು, "ನೋಡ್ರಿ ಕಾಕಾ, ಇನ್ನ ಮುಧೋಳ ನಾಯಿ ಓಡಿದಂಗ ಓಡತೈತಿ" ಎಂದ. ಖರೆಯೇ ಓಡಿತು. ನಾವು ಅವನಿಗೆ ಕೊಟ್ಟ ಚಹಾ ಆರುವುದರೊಳಗೆ ಒಂದು ಸಿನಿಮಾ ಇಳಿದು ಮುಗಿದಿತ್ತು.

ಮರುದಿನದಿಂದ ಆ ನಾಯಿಗೆ ಕಾಲು ಬಿದ್ದುಹೋಯಿತು. ಬೆಳಿಗ್ಗೆ ಹಚ್ಚಿದ ಸಿನಿಮಾ ಮಧ್ಯಾಹ್ನಕ್ಕೆ ನಾಲ್ಕು ಪರ್ಸೆಂಟ್. ಮಗ್ಗದ ಮೇಲೆ ಒಂದು ಸೀರೆ ಇಳಿಯುತ್ತಿತ್ತು, ಟಿವಿಯಲ್ಲಿ ನಾಯಕನ ಹೆಸರು ಇಳಿಯುತ್ತಿರಲಿಲ್ಲ. ಅಳಿಯನಿಗೆ ಫೋನ್ ಮಾಡಿದೆ. "ಮಾವಾರ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಎಂದ. ಮಾಡಿದೆ. ಮತ್ತೆ ಫೋನ್ ಮಾಡಿದೆ. "ಇನ್ನೊಮ್ಮೆ ಮಾಡ್ರಿ" ಎಂದ. ಇಷ್ಟನ್ನು ಹೇಳಲು ಅವನು ಇಂಜಿನಿಯರಿಂಗ್ ಓದಬೇಕಿತ್ತೇ ಎಂದು ಅನ್ನಿಸಿತು, ಅನ್ನಲಿಲ್ಲ. ಹಳೆಯ ಸಿನಿಮಾ ಅಳಿಸಿ ಜಾಗ ಮಾಡಿದೆ. ಡಬ್ಬಿಯ ಕೊಂಬುಗಳನ್ನು ಒಂದು ದಿನ ಮುಧೋಳದ ಕಡೆಗೆ, ಒಂದು ದಿನ ಬೀಳಗಿಯ ಕಡೆಗೆ ತಿರುಗಿಸಿ ನೋಡಿದೆ. ಹೆಂಡತಿ ಟಿವಿಗೆ ಊದುಬತ್ತಿ ಬೆಳಗಿದಳು. ಅದರಿಂದ ಒಂದು ಪರ್ಸೆಂಟ್ ಏರಿತೆಂದು ಈಗಲೂ ವಾದಿಸುತ್ತಾಳೆ.

ಇಲ್ಲಿ ನಮ್ಮ ಒಂದು ರೂಢಿಯನ್ನು ಹೇಳಬೇಕು. ಮಗ್ಗದ ಮನೆಯಲ್ಲಿ ನೂಲಿನ ಧೂಳು ಹಗಲೂ ರಾತ್ರಿ ಹಾರುತ್ತದೆ. ರೊಟ್ಟಿಯ ಮೇಲೆ, ಮೀಸೆಯ ಮೇಲೆ, ದೇವರ ಮೂರ್ತಿಯ ಮೇಲೆ. ಅದಕ್ಕೇ ನಮ್ಮಲ್ಲಿ ಎಲ್ಲದಕ್ಕೂ ಗವಸು. ಟಿವಿಗೆ ಗವಸು, ಮಿಕ್ಸರಿಗೆ ಗವಸು, ಇಸ್ತ್ರಿ ಪೆಟ್ಟಿಗೆಗೆ ಗವಸು. ಮದುವೆಯಾದ ಹೊಸದರಲ್ಲಿ ನನ್ನ ರೇಡಿಯೊಗೆ ಹೆಂಡತಿ ಹೊಲಿದ ಗವಸು ರೇಡಿಯೊ ಹೋದರೂ ಉಳಿದಿದೆ. ಮನೆಗೆ ಹೊರಗಿನವರು ಬರುತ್ತಾರೆಂದರೆ ಮಾತ್ರ ಗವಸುಗಳನ್ನೆಲ್ಲ ತೆಗೆದು, ವಸ್ತುಗಳನ್ನು ಒರೆಸಿ, ಕಾಣುವಂತೆ ಇಡುತ್ತೇವೆ. ಬಂದವರು ಹೋದ ಮೇಲೆ ಮತ್ತೆ ಮುಚ್ಚುತ್ತೇವೆ. ಇಂಥ ಮನೆಯಲ್ಲಿ ಆ ಬಿಳಿ ಡಬ್ಬಿಯನ್ನು ಬರಿಮೈಯಲ್ಲಿ ಬಿಡಲಾಗುತ್ತದೆಯೇ? ವೈರಿನವನು ತಂತಿ ಜೋಡಿಸಿ ಹೋದ ಸಂಜೆಯೇ ನಾನು, ನೂಲು ಸುತ್ತಿದ ಕಂಡಿಕೆಗಳನ್ನು ಹಾಕಿಡುವ ತಗಡಿನ ಪೆಟ್ಟಿಗೆಯೊಂದನ್ನು ಖಾಲಿ ಮಾಡಿ, ಉಳಿಯಿಂದ ತಂತಿಗೊಂದು ತೂತು ಕೊರೆದು, ಡಬ್ಬಿಯನ್ನು ಒಳಗಿಟ್ಟು ಮುಚ್ಚಳ ಹಾಕಿದ್ದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ನೋಡಿ ಓಣಿಯ ನಾಲ್ಕಾರು ಮನೆಯವರು ತಾವೂ ಹಾಗೆಯೇ ಮಾಡಿಕೊಂಡರು. ಅವರಿಗೆಲ್ಲ ತೂತು ಕೊರೆದುಕೊಟ್ಟವನೂ ನಾನೇ.

ವೈರಿನವನು ಮೂರು ಸಲ ನೋಡಲು ಬಂದ. ಬರುವ ಮೊದಲು ಫೋನ್ ಮಾಡುತ್ತಿದ್ದ. ಫೋನ್ ಬಂದ ಕೂಡಲೇ ನಮ್ಮ ಮನೆಯಲ್ಲಿ ಗವಸುಗಳು ಇಳಿಯುತ್ತಿದ್ದವು, ಡಬ್ಬಿ ಕಂಡಿಕೆ ಪೆಟ್ಟಿಗೆಯಿಂದ ಹೊರಬಂದು ಮಾಡದಲ್ಲಿ ಕೂಡುತ್ತಿತ್ತು, ಪೆಟ್ಟಿಗೆ ಮಂಚದ ಕೆಳಗೆ ಹೋಗುತ್ತಿತ್ತು. ಅವನು ಬಂದು ಮೊಬೈಲಿನಲ್ಲಿ ಅಳೆದು, "ಕಾಕಾ, ಸ್ಪೀಡ್ ಭಾಳ ಛಲೋ ಐತ್ರಿ" ಎನ್ನುತ್ತಿದ್ದ. ನಿಜವಾಗಿಯೂ ಅವನು ಕೂತಷ್ಟು ಹೊತ್ತು ಸಿನಿಮಾ ಸರಸರ ಇಳಿಯುತ್ತಿತ್ತು. ಅವನು ಹೋದ, ಡಬ್ಬಿ ಪೆಟ್ಟಿಗೆಯೊಳಗೆ ಹೋಯಿತು, ಸಿನಿಮಾ ನಿಂತಿತು. ಈ ಮೂರನ್ನೂ ಕಣ್ಣಾರೆ ಕಂಡ ನಾನು ಮೊದಲನೆಯದನ್ನೂ ಮೂರನೆಯದನ್ನೂ ಜೋಡಿಸಿ, ನಡುವಿನದನ್ನು ಬಿಟ್ಟುಬಿಟ್ಟೆ. ಇವನು ಬಂದಾಗ ಹೆಚ್ಚು ಬಿಡುತ್ತಾನೆ, ಹೋಗುವಾಗ ಕಡಿಮೆ ಮಾಡುತ್ತಾನೆ ಎಂದು ನಿಶ್ಚಯಿಸಿದೆ.

ಮೂರನೆಯ ಸಲ ಅವನು ಬಹಳ ಹೊತ್ತು ತಲೆ ಕೆರೆದುಕೊಂಡು ನಿಂತ. ಮೆಲ್ಲಗೆ ಕೇಳಿದ:

"ತಪ್ಪ ತಿಳ್ಕೊಬ್ಯಾಡ್ರಿ ಕಾಕಾ. ನಾ ಹೋದ ಮ್ಯಾಲ ನೀವ ಏನರ ಮಾಡ್ತೀರೇನ್ರಿ?"

ಇಷ್ಟು ನೇರವಾದ, ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಆಯುಷ್ಯದಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ನಾವೇನ ಮಾಡೂಣ್ಲೇ? ಮನ್ಯಾಗ ಕುಂತ ನಿನ್ನ ವೈರ್ ಹಿಡದ ಜಗ್ಗತೇವೇನು?" ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ನಾಲ್ಕು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹೆಂಡತಿ ಶೇಂಗಾ ಹುರಿದುಕೊಂಡು ಬಂದು ಟಿವಿಯ ಮುಂದೆ ಕೂತಳು. ಸಿನಿಮಾ ಹನ್ನೊಂದು ಪರ್ಸೆಂಟಿಗೆ ನಿಂತಿತ್ತು. ಅವಳು ಪರದೆಯನ್ನೇ ನೋಡುತ್ತ ಶೇಂಗಾ ಸಿಪ್ಪೆ ಬಿಡಿಸತೊಡಗಿದಳು. ಆ ಸದ್ದನ್ನು ತಾಳಲಾರದೆ ನಾನು ಗುಡಿಯ ಕಟ್ಟೆಗೆ ಹೋದೆ. ಮಗ್ಗ ನಿಂತರೆ ಓಣಿಯ ಗಂಡಸರೆಲ್ಲ ಸೇರುವುದು ಅಲ್ಲಿಯೇ. ಮೂವತ್ತು ಜನರಾದರೂ ಇದ್ದರು. ಅವರ ನಡುವೆ ವೈರಿನವನೂ ಕೂತಿದ್ದ. ಕರೆಂಟ್ ಇಲ್ಲದಿದ್ದರೆ ಅವನಿಗೂ ಕೆಲಸವಿರುತ್ತಿರಲಿಲ್ಲ. ನಾನು ಕೂಡಲೂ ಇಲ್ಲ. ನಿಂತೇ, ಅವನ ಹೆಸರು ಹಿಡಿದು ಕೂಗಿದೆ.

"ಏನ್ಲೇ, ನಳದ ನೀರ ಬಿಟ್ಟಂಗ ಬಿಡಾಕತ್ತಿಯೇನ ಇಂಟರ್ನೆಟ್ಟ? ಮನಿಗೆ ಬಂದಾಗ ತಿರುವತಿ, ಹೋಗುಮುಂದ ಬಂದ್ ಮಾಡತಿ. ನಮಗ ತಿಳಿಯೂದಿಲ್ಲ ಅಂದ್ಕೊಂಡಿಯೇನು?"

ಅವನು ಎದ್ದು ನಿಂತ. "ಕಾಕಾ, ಹಂಗ ಮಾಡಾಕ ಬರೂದಿಲ್ಲರೀ" ಎಂದ. ಅಷ್ಟರಲ್ಲಿ ಎದುರುಮನೆಯ ಸಂಗಪ್ಪ, "ನಮ್ಮಲ್ಲೂ ಹಂಗ ಆಗತೈತಿ ನೋಡು. ಇವ ಬಂದಾಗಷ್ಟ ಛಲೋ" ಎಂದ. ಇನ್ನೂ ಇಬ್ಬರು ಹೌದೆಂದರು. ಯಾರ ಮನೆಗೆ ನಾನು ತೂತು ಕೊರೆದುಕೊಟ್ಟಿದ್ದೆನೋ ಅವರೇ. ವೈರಿನವನು ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ, "ಉಳದವ್ರ ಅಂದ್ರ ಅನ್ಲಿ ಬಿಡ್ರಿ. ನೀವ ಅಂದ್ರ ಮಂದಿ ಖರೆ ಅಂತಾರ್ರಿ ಕಾಕಾ" ಎಂದ.

ಅವನ ಮಾತು ಸರಿಯಾಗಿತ್ತು. ಓಣಿಯ ಜಗಳಗಳಲ್ಲಿ ಹಿರಿಯನೆಂದು ನನ್ನನ್ನು ಕೂಡಿಸುವುದು ಬಹಳ ವರ್ಷದ ರೂಢಿ. ಅಣ್ಣತಮ್ಮಂದಿರ ನಡುವೆ ಗೋಡೆ ಎಲ್ಲಿ ಬರಬೇಕೆಂದು ಹೇಳಿದ ಬಾಯಿ ಇದು. ಅದು ಸುಳ್ಳು ಹೇಳೀತೆಂದು ಯಾರೂ ಎಣಿಸಲಿಲ್ಲ. ತಿಂಗಳೊಳಗೆ ನಮ್ಮ ಓಣಿ, ಅದರ ಹಿಂದಿನ ಓಣಿ, ಎರಡೂ ಬೇರೆಯವರ ತಂತಿ ಹಾಕಿಸಿಕೊಂಡವು. ಅವನು ಏಣಿ ಹಚ್ಚಿ ತನ್ನ ತಂತಿಯನ್ನು ತಾನೇ ಕಂಬದಿಂದ ಕಂಬಕ್ಕೆ ಬಿಚ್ಚಿ ಸುತ್ತಿಕೊಂಡು ಹೋದ. ನಾನು ಬಾಗಿಲಲ್ಲಿ ಕೂತು ನೋಡಿದೆ. ನ್ಯಾಯವಾಯಿತು ಅನ್ನಿಸಿತು.

ಹೊಸ ತಂತಿ ಮೊದಲು ಬಂದದ್ದು ನಮ್ಮ ಮನೆಗೆ. ಹೊಸ ಡಬ್ಬಿಯೂ ಕಂಡಿಕೆ ಪೆಟ್ಟಿಗೆಯೊಳಗೆ ಹೋಯಿತು. ಸಿನಿಮಾ ಮತ್ತೆ ನಾಲ್ಕು ಪರ್ಸೆಂಟ್. ಈಗ ನನ್ನ ಪಾಡು ಯಾರಿಗೂ ಬೇಡ. ಕಟ್ಟೆಯಲ್ಲಿ ಯಾರಾದರೂ "ಹೆಂಗೈತಿ ಕಾಕಾ ಹೊಸಾದು?" ಎಂದರೆ "ಭಾಳ ಛಲೋ" ಎನ್ನುತ್ತಿದ್ದೆ. ಸಂಗಪ್ಪನೂ "ಹೌದ್ರಿ, ಭಾಳ ಛಲೋ" ಎನ್ನುತ್ತಿದ್ದ. ಅವನ ಮನೆಯಲ್ಲೂ ಹನ್ನೊಂದು ಪರ್ಸೆಂಟೇ ಇತ್ತೆಂದು ಆಮೇಲೆ ತಿಳಿಯಿತು. ಹೀಗೆ ಎರಡು ತಿಂಗಳು ನಾವು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ಮನೆಯಲ್ಲಿ ಖಾಲಿ ಪರದೆ ನೋಡುತ್ತ ಮರ್ಯಾದೆಯಿಂದ ಬದುಕಿದೆವು.

ಒಂದು ದಿನ ಮಗನಿಗೆ ಕಂಡಿಕೆ ಇಡಲು ಪೆಟ್ಟಿಗೆ ಸಾಲದಾಯಿತು. ಹೆಂಡತಿ ನನ್ನನ್ನು ಕೇಳದೆ ಡಬ್ಬಿಯನ್ನು ಹೊರತೆಗೆದು ಮಾಡದಲ್ಲಿಟ್ಟು, ಪೆಟ್ಟಿಗೆಯನ್ನು ಅವನಿಗೆ ಕೊಟ್ಟಳು. ನಾನು ಸ್ನಾನ ಮುಗಿಸಿ ಬರುವುದರೊಳಗೆ ವಾರದಿಂದ ತೆವಳುತ್ತಿದ್ದ ಸಿನಿಮಾ ಪೂರ್ತಿ ಇಳಿದಿತ್ತು. ಇಬ್ಬರೂ ಟಿವಿಯನ್ನು ನೋಡಿದೆವು, ಮಾಡವನ್ನು ನೋಡಿದೆವು. ನನಗೆ ನಂಬಿಕೆ ಬಾರದೆ ಪೆಟ್ಟಿಗೆಯನ್ನು ಮರಳಿ ತರಿಸಿ, ಡಬ್ಬಿಯನ್ನು ಅದರೊಳಗಿಟ್ಟೆ, ಇನ್ನೊಂದು ಸಿನಿಮಾ ಹಚ್ಚಿದೆ, ನಿಂತಿತು. ತೆಗೆದೆ, ಓಡಿತು. ತಗಡು ತಡೆಯುತ್ತಿತ್ತು. ನಾಯಿಯನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿ, ಓಡುವುದಿಲ್ಲವೆಂದು ತಂದುಕೊಟ್ಟವನನ್ನು ಬೈದಿದ್ದೆ. ಹೆಂಡತಿ ಸೆರಗಿನಿಂದ ಡಬ್ಬಿಯ ಧೂಳು ಒರೆಸುತ್ತ ಹೇಳಿದಳು:

"ಆ ಮನುಷ್ಯಾ ಕೇಳಿದ್ನಲ್ಲರಿ, ನಾ ಹೋದ ಮ್ಯಾಲ ಏನರ ಮಾಡ್ತೀರೇನಂತ. ಇದನ್ನ ಮಾಡ್ತಿದ್ವಿ."

ಅವತ್ತೇ ಕಟ್ಟೆಗೆ ಹೋಗಿ ಹೇಳಬೇಕಿತ್ತು. ಹೋದೆ. "ಡಬ್ಬಿಗೆ ಗಾಳಿ ಬೇಕಂತ್ರಿ, ಪೆಟ್ಟಿಗ್ಯಾಗ ಇಟ್ರ ಕಾಯ್ತದಂತ, ಹೊರಗಿಡ್ರಿ" ಎಂದಷ್ಟೇ ಹೇಳಿ ಬಂದೆ. ಎಲ್ಲರೂ ಹೊರಗಿಟ್ಟರು. ಎಲ್ಲರ ಮನೆಯಲ್ಲೂ ಸಿನಿಮಾ ಓಡತೊಡಗಿತು. ಮರುವಾರ ಸಂಗಪ್ಪ ಎಲ್ಲರೆದುರು ನನ್ನ ಕೈ ಹಿಡಿದು, "ಕಾಕಾ ಆ ಹಳೇ ವೈರ್ ತಗಿಸಿದ್ದಕ್ಕ ಓಣಿ ಉದ್ಧಾರ ಆತು" ಎಂದ. ನಾನು ಬೇಡ ಬೇಡವೆಂದು ಕೈ ಆಡಿಸಿದೆ. ಅದನ್ನೂ ಅವರು ನನ್ನ ದೊಡ್ಡತನವೆಂದು ತಿಳಿದರು.

ವೈರಿನವನು ರಬಕವಿಯಲ್ಲಿ ಯಾರದೋ ಮಗ್ಗದ ಮೇಲೆ ಕೂಲಿಗೆ ನಿಂತಿದ್ದಾನೆಂದು ಗೊತ್ತಾಯಿತು. ಆಟೊ ಹಿಡಿದು ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಹತ್ತು ಮಗ್ಗಗಳ ಶೆಡ್ಡು. ಒಳಗೆ ಮಾತು ಕೇಳಿಸುವ ಹಾಗಿರಲಿಲ್ಲ. ಈ ಸದ್ದಿನಲ್ಲಿ ಹೇಳಿಬಿಟ್ಟರೆ ಹೇಳಿದಂತೆಯೂ ಆಯಿತು, ಅವನಿಗೆ ಕೇಳಿಸದಂತೆಯೂ ಆಯಿತು ಎಂಬ ಆಸೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಅವನು ನನ್ನನ್ನು ಕಂಡು, ಕೈ ಸನ್ನೆಯಿಂದ ತಡೆಯಿರಿ ಎಂದು, ತಾನು ನಡೆಸುತ್ತಿದ್ದ ಎರಡೂ ಮಗ್ಗ ನಿಲ್ಲಿಸಿದ. ಕೂಲಿಯವನು ಮಗ್ಗ ನಿಲ್ಲಿಸಿದರೆ ಅಷ್ಟು ಹೊತ್ತಿನ ಕೂಲಿ ಹೋಯಿತೆಂದು ನೇಕಾರನಾದ ನನಗೆ ಗೊತ್ತು. ಹೊರಗಿನ ಬೇವಿನ ಮರದ ಕೆಳಗೆ ಕರೆದುತಂದು, ತಲೆಯ ಮೇಲಿನ ಧೂಳು ಕೊಡವಿಕೊಂಡು, "ಹೇಳ್ರಿ ಕಾಕಾ, ಏನ ಇಲ್ಲೀತನಕ ಬಂದ್ರಿ?" ಎಂದ.

"ಇಲ್ಲಿ ಕರೆಂಟ್ ಎಷ್ಟೊತ್ತಿಗೆ ಹೋಗತೈತೋ?" ಎಂದು ಕೇಳಿದೆ.

ಅವನು ಅದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟ. ಆಮೇಲೆ, "ಈಗರ ಸಿನಿಮಾ ಛಲೋ ಇಳಿತಾವೇನ್ರಿ?" ಎಂದ. ಹೌದೆನ್ನಲು ನಾಚಿಕೆಯಾಗಿ, "ಅಷ್ಟಕ್ಕಷ್ಟ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಡಬ್ಬಿ ಬಯಲಿಗೆ ಇಡ್ರಿ ಕಾಕಾ. ತಗಡ, ಕಬ್ಬಿಣ ಬಾಜೂಕ ಇರಬಾರ್ದು" ಎಂದ. ಅವನು ಮಂಚದ ಕೆಳಗಿನ ಪೆಟ್ಟಿಗೆಯನ್ನು, ಅದರ ತೂತನ್ನು ಆಗಲೇ ಕಂಡಿದ್ದನೋ, ಅಥವಾ ತಂತಿಯವರು ಎಲ್ಲರಿಗೂ ಹೇಳುವ ಮಾತೋ ಅದು, ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಅವನು ಒಳಗೆ ಹೋಗಿ ಮಗ್ಗ ಚಾಲೂ ಮಾಡಿದ. ನಾನು ಆಟೊ ಹತ್ತಿದೆ.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, "ಛಲೋ ಬರದೀರಿ. ಆ ಮನುಷ್ಯಾನ ಹೆಸರ ಎಲ್ಲೈತ್ರಿ? ಬೈಯುವಾಗ ಹೆಸರ ಹಿಡದ ಬೈದ್ರಿ" ಎಂದಳು. ಮರ್ಯಾದೆ ನೋಡಿ ಬಿಟ್ಟೆ ಎಂದೆ. "ಯಾರ ಮರ್ಯಾದಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಕಟ್ಟೆಯ ಮೇಲೆ ಮೂವತ್ತು ಜನರೆದುರು ಹೇಳಬೇಕಾದದ್ದನ್ನು ನಾನು ಹೀಗೆ, ನಮ್ಮ ಓಣಿಯಲ್ಲಿ ಓದುವವರು ಕಡಿಮೆ ಎಂಬ ಧೈರ್ಯದ ಮೇಲೆ, ಕಾಗದಕ್ಕೆ ಹೇಳುತ್ತಿದ್ದೇನೆ. ಕಾಗದದ ಮೇಲಾದರೂ ಹೆಸರು ಇರಲಿ. ಅವನು ಈರಣ್ಣ.