ದೆವ್ವದ ಬೋರ್ಡಿನ ಮೇಲೆ ವರಮಹಾಲಕ್ಷ್ಮಿ

"ಈ ಬೋರ್ಡು ಸ್ಕ್ರೀನ್ ಮೇಲೆ ಬಂತು ಅಂದ್ರೆ, ಪಾಪ್‌ಕಾರ್ನ್ ತಿನ್ತಾ ಇರೋನ ಕೈ ಅವನ ಬಾಯಿಗೆ ಹೋಗ್ಬಾರ್ದು, ಪಕ್ಕದೋನ ಬಾಯಿಗೆ ಹೋಗ್ಬೇಕು! ಹಂಗೆ ಹೆದರಿಸ್ತೀನಿ, ನೋಡ್ತಾ ಇರು!"

ಹೀಗೆಂದು ಹನುಮೇಶ ಭೀಷಣ ಪ್ರತಿಜ್ಞೆ ಮಾಡಿದ್ದು ಕೆಂಗೇರಿ ಉಪನಗರದ ತನ್ನ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವಳು ಹುಳಿಗೆ ಬೇಳೆ ತೊಳೆಯುತ್ತಿದ್ದ ಹೆಂಡತಿ ರಾಗಿಣಿ ಒಬ್ಬಳೇ.

"ಮೊದ್ಲು ಗ್ಯಾಸ್ ಬುಕ್ ಮಾಡಿ" ಎಂದಳು ಅವಳು.

ಹೆಂಡತಿಯರಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಹನುಮೇಶ ಗ್ಯಾಸ್ ಬುಕ್ ಮಾಡಿದ. ಹನ್ನೆರಡು ವರ್ಷ ಅವನು ಸಿನಿಮಾಗಳಿಗೆ ಸೆಟ್ಟು ಹಾಕಿದ್ದ, ಮೊಳೆ ಹೊಡೆದಿದ್ದ, ಥರ್ಮೋಕೋಲಿನಲ್ಲಿ ಅರಮನೆ ಕಟ್ಟಿದ್ದ. ಹೆಸರು ಮಾತ್ರ ಇನ್ಯಾರದೋ ಬರುತ್ತಿತ್ತು. ಈಗ ಮೊದಲ ಸಲ ನಿರ್ದೇಶಕ ಸಂಪತ್ ಅವನನ್ನು ನಂಬಿ, ಒಂದು ದೆವ್ವದ ಸಿನಿಮಾದ ಟೈಟಲ್ ಕಾರ್ಡಿನಲ್ಲಿ "ಕಲಾ ನಿರ್ದೇಶನ: ಹನುಮೇಶ" ಎಂದು ಹಾಕುವುದಾಗಿ ಮಾತು ಕೊಟ್ಟಿದ್ದ. ಅದೂ ಒಂಟಿ ಕಾರ್ಡು, ಪರದೆ ತುಂಬ ಅವನೊಬ್ಬನದೇ ಹೆಸರು! ಆ ಮೂರು ಸೆಕೆಂಡಿಗಾಗಿ ಹನುಮೇಶ ಏನು ಮಾಡಲೂ ಸಿದ್ಧನಿದ್ದ. ಮಾಡಿಯೂ ಬಿಟ್ಟಿದ್ದ. ಕತೆ ಇರುವುದೇ ಅಲ್ಲಿ.

ದೆವ್ವದ ಸಿನಿಮಾ ನೋಡುವವರಿಗೆ ಈ ಬೋರ್ಡು ಹೊಸದಲ್ಲ. ಒಂದು ಹಲಗೆ, ಅದರ ಮೇಲೆ ಎ ಯಿಂದ ಝಡ್‌ವರೆಗೆ ಅಕ್ಷರ, ಒಂದು ಮೂಲೆಯಲ್ಲಿ ಸೂರ್ಯನ ಪಕ್ಕ "ಯೆಸ್", ಇನ್ನೊಂದು ಮೂಲೆಯಲ್ಲಿ ಚಂದ್ರನ ಪಕ್ಕ "ನೋ". ಮಾಡಲು ಬೇರೆ ಕೆಲಸವಿಲ್ಲದ ನಾಲ್ಕು ಜನ ಸುತ್ತ ಕೂತು ಒಂದು ನಾಣ್ಯದ ಮೇಲೆ ಬೆರಳಿಡುತ್ತಾರೆ, ಅದು ತಾನೇ ಅಕ್ಷರದಿಂದ ಅಕ್ಷರಕ್ಕೆ ಜರುಗಿ ಉತ್ತರ ಹೇಳುತ್ತದೆ. ಒಬ್ಬ ನಗುತ್ತಾನೆ, ಮೊದಲು ಸಾಯುವವನು ಅವನೇ. ಕರೆಂಟು ಹೋಗುತ್ತದೆ. ದೆವ್ವ ಬರುತ್ತದೆ. ಬಂದ ದೆವ್ವವನ್ನು ಕ್ರಮವಾಗಿ ಬೀಳ್ಕೊಡದೆ ಬೋರ್ಡನ್ನು ಕದಲಿಸಿದರೆ ಮನೆ ಸರ್ವನಾಶ! ಈ ನಿಯಮವನ್ನು ಸೆಟ್ಟಿನಲ್ಲಿ ನಟರಿಗೆಲ್ಲ ಕಣ್ಣರಳಿಸಿ ಹೇಳಿಕೊಡುತ್ತಿದ್ದವನು ಹನುಮೇಶನೇ. ದೆವ್ವದ ಕೆಲಸವೂ ಅವನದೇ. ಟೇಬಲ್ಲಿನ ಕೆಳಗೆ ಮುದುರಿ ಕೂತು ನಾಣ್ಯಕ್ಕೆ ಕಟ್ಟಿದ ದಾರ ಎಳೆಯುತ್ತಿದ್ದ.

ಮೊದಲು ಪ್ಲೈವುಡ್ಡಿನಲ್ಲಿ ಮಾಡಿದ ಬೋರ್ಡನ್ನು ಸಂಪತ್ ಒಪ್ಪಿರಲಿಲ್ಲ. "ಗುರು, ಇದು ಕೇರಂ ಬೋರ್ಡ್ ಥರ ಇದೆ. ಹಳೇದು ಬೇಕು. ನೋಡಿದ್ರೆ ನಾಲ್ಕು ತಲೆಮಾರು ಕಂಡಿದೆ ಅನ್ನಿಸ್ಬೇಕು" ಎಂದಿದ್ದ.

ಅಂಥದ್ದೊಂದು ಹನುಮೇಶನ ಮನೆಯ ಅಟ್ಟದಲ್ಲೇ ಇತ್ತು. ತೀರಿಹೋದ ಅಪ್ಪ ಅಂಜಿನಯ್ಯ ತನ್ನ ಕೈಯಾರೆ ಮಾಡಿದ ಹಲಸಿನ ಮಣೆ! ಅಮ್ಮ ಚಿಕ್ಕಗಂಗಮ್ಮ ಮದುವೆಯಲ್ಲಿ ಕೂತಿದ್ದು ಆ ಮಣೆಯ ಮೇಲೆ, ಹಬ್ಬದಲ್ಲಿ ದೇವರು ಕೂರುವುದೂ ಅದರ ಮೇಲೆಯೇ. ಕೇಳಿದರೆ ಕೊಡುವುದಿಲ್ಲ ಎಂದು ಕೇಳದೆಯೇ ತೆಗೆದುಕೊಂಡ. ಕಪ್ಪು ಬಣ್ಣದಲ್ಲಿ ಅಕ್ಷರ ಬರೆದ. ಸಂಪತ್ ಕಣ್ಣಿಗೊತ್ತಿಕೊಂಡ. ಇಪ್ಪತ್ತು ದಿನ ಶೂಟಿಂಗ್ ಆಯಿತು.

ಇತ್ತ ಚಿಕ್ಕಗಂಗಮ್ಮ ಮಣೆಗಾಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದರು. "ಎಲ್ಹೋಯ್ತೋ ಹನುಮಾ?" ಎಂದರೆ, "ಗೆದ್ದಲು ತಿಂದಿರ್ಬೇಕಮ್ಮ" ಎಂದಿದ್ದ. ಇಡೀ ಮಣೆಯನ್ನು ಒಂದು ಪುಡಿಯೂ ಉಳಿಸದೆ ತಿಂದು ಕೈತೊಳೆದು ಹೋದ ಗೆದ್ದಲು! ಸುಳ್ಳು ನಂಬರ್ ಒಂದು.

ಕಡೆಯ ದೃಶ್ಯ ಶುಕ್ರವಾರ ಮಧ್ಯಾಹ್ನ ಎರಡಕ್ಕೆ, ಮಹಾಲಕ್ಷ್ಮಿ ಲೇಔಟಿನ ಹಳೆಯ ಮನೆಯೊಂದರಲ್ಲಿ. ನಾಯಕಿಯ ಬೆರಳಡಿಯ ನಾಣ್ಯ ಉಜ್ಜಿ ಉಜ್ಜಿ "ನೋ" ಮಾಸಿಹೋಗಿತ್ತು. ಅದನ್ನು ತಿದ್ದಲೆಂದು ಗುರುವಾರ ಬೋರ್ಡನ್ನು ಮನೆಗೆ ತಂದ. ತಿದ್ದಿ, ಬೆಡ್‌ಶೀಟಿನಲ್ಲಿ ಸುತ್ತಿ, ಬೀರುವಿನ ಹಿಂದೆ ತುರುಕಿದ. ಬ್ರಹ್ಮನಿಗೂ ಸಿಗದ ಜಾಗ ಎಂದು ಬೀಗಿದ. ಬ್ರಹ್ಮನಿಗೆ ಸಿಗುತ್ತಿರಲಿಲ್ಲವೇನೋ, ಆದರೆ ಹಬ್ಬಕ್ಕೆ ಧೂಳು ಹೊಡೆಯುವ ಅಮ್ಮನಿಗೆ ಸಿಗದ ಜಾಗ ಯಾವ ಮನೆಯಲ್ಲಿದೆ?

ಶುಕ್ರವಾರ ಒಂಬತ್ತಕ್ಕೆ ಎದ್ದು ನಡುಮನೆಗೆ ಬಂದವನ ನಿದ್ದೆ ಹಾರಿಹೋಯಿತು. ಹಸಿರು ರೇಷ್ಮೆ ಸೀರೆ, ಬೆಳ್ಳಿ ಮುಖವಾಡ, ಮುಡಿತುಂಬ ಸೇವಂತಿಗೆ. ಎರಡೂ ಕಡೆ ದೀಪ. ಸಾಕ್ಷಾತ್ ವರಮಹಾಲಕ್ಷ್ಮಿ! ಬಾಳೆಲೆ, ಅಕ್ಕಿ, ಕಲಶ ಎಲ್ಲವನ್ನೂ ಹೊತ್ತು ಕೆಳಗೆ ಕೂತಿದ್ದದ್ದು ಅವನ ದೆವ್ವದ ಬೋರ್ಡು! ಎಲೆಯ ಅಂಚಿನಿಂದ ಸೂರ್ಯ ಇಣುಕುತ್ತಿದ್ದ, ಹಣೆಗೆ ಕುಂಕುಮ ಇಟ್ಟುಕೊಂಡು.

"ಮಣೆ ಸಿಕ್ತು ಕಣೋ ಹನುಮಾ! ಬೀರು ಹಿಂದೆ ಇತ್ತು" ಎಂದರು ಚಿಕ್ಕಗಂಗಮ್ಮ. "ಯಾರೋ ಎಬಿಸಿಡಿ ಬರ್ದವ್ರೆ. ಯಾರೋ ಅದು?"

ಹನುಮೇಶ ತಲೆ ಕೆರೆದುಕೊಂಡ. "ಮಾನಸ... ಮಾನಸ ಬರ್ದಿರ್ಬೇಕಮ್ಮ."

ಮಾನಸ ಅವನ ಮಗಳು, ಯುಕೆಜಿ. ಇನ್ನೂ ಎಸ್ಸನ್ನು ತಿರುಗಿಸಿ ಬರೆಯುವವಳು. ಸುಳ್ಳು ನಂಬರ್ ಎರಡು.

"ಓಹೋ! ಸೂರ್ಯ ಚಂದ್ರ ಬೇರೆ ಎಷ್ಟು ಲಕ್ಷಣವಾಗಿ ಬರ್ದವ್ಳೆ, ನನ್ ಬಂಗಾರ!"

"ಅಮ್ಮ, ಮಧ್ಯಾಹ್ನ ಒಂದು ಗಂಟೆ ಮಟ್ಟಿಗೆ ಆ ಮಣೆ ಕೊಡ್ತೀಯಾ? ಬೇರೆ ಮಣೆ ಹಾಕೋಣ..."

"ಬುದ್ಧಿ ಇದ್ಯೇನೋ? ಪೂಜೆ ಆಗಿ ಅಮ್ಮನೋರು ಕೂತಾಯ್ತು. ನಾಳೆ ಬೆಳಗ್ಗೆ ಕದಲಿಸೋವರ್ಗೂ ಮುಟ್ಟೋ ಹಂಗಿಲ್ಲ. ಬಂದೋರ್ನ ಮಧ್ಯದಲ್ಲಿ ಎಬ್ಬಿಸಿದ್ರೆ ಮನೆ ಉದ್ಧಾರ ಆಗುತ್ತಾ?"

ಹನುಮೇಶ ಬೆವರಿದ. ಇದು ಅವನದೇ ಬೋರ್ಡಿನ ನಿಯಮ! ಬಂದವರು ಮಾತ್ರ ಬೇರೆ.

ಎರಡು ಗಂಟೆಗೆ ಸಂಪತ್‌ನ ಫೋನು. "ಎಲ್ಲಿದೀಯ ಗುರು?"

"ನಾಯಂಡಹಳ್ಳಿ ಸಿಗ್ನಲ್ ಸಾರ್. ಫುಲ್ ಜಾಮು!" ಸುಳ್ಳು ನಂಬರ್ ಮೂರು. ಎರಡೂವರೆಗೂ ನಾಯಂಡಹಳ್ಳಿ ಸಿಗ್ನಲ್. ಮೂರಕ್ಕೂ ನಾಯಂಡಹಳ್ಳಿ ಸಿಗ್ನಲ್. "ಅಲ್ಲೇ ಸೈಟ್ ತಗೊಂಡ್ಯೇನೋ?" ಎಂದು ಸಂಪತ್ ಕಿರುಚಿದ. ಬೇರೆ ಬೋರ್ಡು ಮಾಡೋಣವೆಂದರೆ ಇಪ್ಪತ್ತು ದಿನ ಕ್ಯಾಮೆರಾ ಇದೇ ಮಣೆಯ ಗಂಟು, ಗೀರು, ಬಿರುಕುಗಳನ್ನೆಲ್ಲ ಮುಖದ ಹತ್ತಿರ ಹೋಗಿ ಹಿಡಿದಿತ್ತು. ಟೈಟಲ್ ಕಾರ್ಡಿನಲ್ಲಿ ತನ್ನ ಹೆಸರು ಒಂದೊಂದೇ ಅಕ್ಷರ ಅಳಿಸಿಹೋಗುತ್ತಿರುವುದು ಹನುಮೇಶನಿಗೆ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು.

ಮೂರೂವರೆಗೆ ಅಮ್ಮ ಅರಿಶಿನ ಕುಂಕುಮಕ್ಕೆಂದು ಪಕ್ಕದ ಮನೆಯ ವಿಮಲಮ್ಮನ ಮನೆಗೆ ಹೋದರು. ಹನುಮೇಶ ಅಡುಗೆಮನೆಯಿಂದ ಇನ್ನೊಂದು ಮಣೆ ಹಿಡಿದು ಓಡಿಬಂದ.

"ರಾಗಿಣಿ, ನಾನು ಅಮ್ಮನೋರ್ನ ಒಂದಿಂಚು ಎತ್ತುತೀನಿ. ನೀನು ಅದನ್ನ ಎಳ್ದು ಇದನ್ನ ತಳ್ಳು."

"ರೀ! ಪಾಪ ಬರುತ್ತೆ ಕಣ್ರೀ!"

"ಟೈಟಲ್ ಕಾರ್ಡ್ ಬರುತ್ತೆ ಕಣೇ, ಹಿಡ್ಕೋ!"

ಅವನು ಕಲಶವನ್ನು ತಬ್ಬಿ ಎತ್ತಿದ. ಬಳೆಗಳು ಝಲ್ಲೆಂದವು. ಮುಖವಾಡ ವಾಲಿತು, ತೆಂಗಿನಕಾಯಿ ತೂಗಾಡಿತು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದು! ಹನುಮೇಶ ಕಲಶವನ್ನು ಅಲ್ಲಿಯೇ ಇಳಿಸಿ, ಕೈಮುಗಿದು, ಕಣ್ಣುಮುಚ್ಚಿ ಕುಕ್ಕರಿಸಿದ. ಇಳಿಸಿದ ರಭಸಕ್ಕೆ ಮುಡಿಯಿಂದ ಒಂದು ಸೇವಂತಿಗೆ ಬಲಗಡೆಗೆ ಬಿತ್ತು. ಬಾಗಿಲಲ್ಲಿ ಅಮ್ಮ, ಜೊತೆಗೆ ವಿಮಲಮ್ಮ.

"ಅಮ್ಮಾ... ತಾನೇ ಅಲ್ಲಾಡ್ತು!" ಎಂದ ಹನುಮೇಶ.

ಸುಳ್ಳು ನಂಬರ್ ನಾಲ್ಕು. ದೆವ್ವದ ಸಿನಿಮಾದವರೆಲ್ಲ ಆಡುವ ಸುಳ್ಳೂ ಅದೇ. ಚಿಕ್ಕಗಂಗಮ್ಮ ದೇವರನ್ನು ನೋಡಿದರು, ಮಗನನ್ನು ನೋಡಿದರು, ಅವನ ಅಂಗಿಯ ಮೇಲಿದ್ದ ಕುಂಕುಮವನ್ನು ನೋಡಿದರು.

ಮೊದಲು ಕೂಗಿದವರು ವಿಮಲಮ್ಮ. "ಬಲಗಡೆ ಹೂ! ಅಮ್ಮನೋರು ಅಲ್ಲಾಡಿ ಪ್ರಸಾದ ಕೊಟ್ಟವ್ರೆ! ಅಯ್ಯೋ ತಾಯೀ!"

ಅರ್ಧ ಗಂಟೆಯಲ್ಲಿ ಇಡೀ ಕ್ರಾಸಿನ ಹೆಂಗಸರು ನಡುಮನೆಯಲ್ಲಿದ್ದರು. ಮಗಳಿಗೆ ಗಂಡು ಕೂಡಿಬರುತ್ತಾ? ಸೊಂಟ ನೋವು ವಾಸಿಯಾಗುತ್ತಾ? ಕಾವೇರಿ ನೀರು ನಾಳೆಯಾದರೂ ಬರುತ್ತಾ? ಬಲಕ್ಕೆ ಹೂ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಮೇಲೆ ಬಲ ಎಡ. ಎಲೆಯ ಕೆಳಗೆ ಯೆಸ್ ನೋ! ಅದು ಹೊಳೆದದ್ದು ಹನುಮೇಶ ಒಬ್ಬನಿಗೇ. ಇಪ್ಪತ್ತು ದಿನ ಲೈಟು, ಹೊಗೆ, ದಾರ ಎಲ್ಲ ಬಳಸಿದರೂ ಒಬ್ಬ ಲೈಟ್‌ಬಾಯನ್ನೂ ಹೆದರಿಸದ ಬೋರ್ಡಿನ ಮುಂದೆ ಈಗ ಮೂವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ದೀಪ ಆರುತ್ತದೆಂದು ಚಿಕ್ಕಗಂಗಮ್ಮ ಬೆಳಗಿನಿಂದ ಫ್ಯಾನು ಹಾಕಲು ಬಿಟ್ಟಿರಲಿಲ್ಲ. ಎಲ್ಲರೂ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಬರೀ ಸೆಕೆ, ಹನುಮೇಶನಿಗೆ ಭಯ.

ಐದೂವರೆಗೆ ಗೇಟಿನಲ್ಲಿ ಬೈಕು ನಿಂತಿತು. ಸಂಪತ್!

"ಎಲ್ಲೋ ಆ ನಾಯಂಡಹಳ್ಳಿ ಸಿಗ್ನಲ್ಲು?" ಎಂದು ಗುಡುಗುತ್ತಲೇ ಒಳಗೆ ನುಗ್ಗಿದವನು ದೇವಿಯನ್ನು ಕಂಡವನೇ ಹಿಂದಕ್ಕೋಡಿ ಶೂ ಬಿಚ್ಚಿ ಬಂದ. ದೆವ್ವದ ಸಿನಿಮಾ ಮಾಡುವವರಷ್ಟು ಪುಕ್ಕಲರು ಬೇರೆ ಇಲ್ಲ. ಅವನ ಕೈಯಲ್ಲೇ ಮೂರು ತಾಯತ ಇದ್ದವು. ಎಲೆಯ ಅಂಚಿನಲ್ಲಿ ಇಣುಕುತ್ತಿದ್ದ ಸೂರ್ಯನನ್ನು ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಗಲ್ಲ ಗಲ್ಲ ಬಡಿದುಕೊಂಡ.

"ಇದನ್ನ ಇವತ್ತು ಎತ್ತೋದು ಬೇಡ. ಶೂಟಿಂಗ್ ಮನೆಯೋನ ಕಾಲು ಹಿಡಿದು ಸೀನ್ ನಾಳೆಗೆ ಹಾಕ್ಸ್ಕೋತೀನಿ" ಎಂದ. ಹನುಮೇಶನಿಗೆ ಹೋದ ಜೀವ ಬಂತು. ಬಂದ ಜೀವ ಮತ್ತೆ ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಆದ್ರೆ ನೀನು ಮಧ್ಯಾಹ್ನದಿಂದ ನಂಗೆ ಸುಳ್ಳು ಹೇಳಿದೀಯ. ಇಂಥೋನ ಹೆಸ್ರು ಒಂಟಿ ಕಾರ್ಡ್‌ನಲ್ಲಿ ಹೆಂಗೋ ಹಾಕ್ಲಿ?" ಸಂಪತ್ ದೇವಿಯ ಕಡೆ ತಿರುಗಿ ಕೈಮುಗಿದ. "ತಾಯೀ, ನೀನೇ ಹೇಳು. ಹಾಕೋದಾದ್ರೆ ಬಲಕ್ಕೆ ಕೊಡು."

ಎಲ್ಲರೂ ಕತ್ತು ಉದ್ದ ಮಾಡಿ ದೇವಿಯ ಮುಡಿಯನ್ನೇ ನೋಡಿದರು. ಮುಡಿಯ ಬಲಗಡೆ ಒಂದು ಸೇವಂತಿಗೆ, ಎಡಗಡೆ ಒಂದು. ಎರಡೂ ಸಡಿಲವಾಗಿ ನೇತಾಡುತ್ತಿದ್ದವು. ಹನ್ನೆರಡು ವರ್ಷದ ಮೊಳೆ, ಸುತ್ತಿಗೆ, ಬೆವರು ಎಲ್ಲ ಈಗ ಒಂದು ಹೂವಿನ ತೊಟ್ಟಿನಲ್ಲಿ! ಒಂದು ನಿಮಿಷವಾಯಿತು. ಎರಡಾಯಿತು. ಹೂ ಅಲುಗಲಿಲ್ಲ. ತನ್ನ ಬೋರ್ಡಿಗೆ ಹೆದರಿದ ಮೊದಲ ಮನುಷ್ಯ ಅವನೇ.

"ತಪ್ಪಾಯ್ತಮ್ಮಾ!" ಎಂದು ಸಾಷ್ಟಾಂಗ ಬಿದ್ದ. "ಮಣೆ ಗೆದ್ದಲು ತಿನ್ಲಿಲ್ಲ, ನಾನೇ ಕದ್ದೆ. ಮಾನಸ ಬರೀಲಿಲ್ಲ, ನಾನೇ ಬರ್ದೆ. ನಾಯಂಡಹಳ್ಳಿಗೆ ನಾನು ಹೋಗೇ ಇಲ್ಲ ಸಾರ್. ಕಲಶ ಅಲ್ಲಾಡ್ಲಿಲ್ಲ, ನಾನೇ ಎತ್ತಕ್ಕೆ ಹೋಗಿದ್ದೆ. ಅಪ್ಪ ಮಾಡಿದ ಮಣೇಗೆ ಇಂಥ ಕೆಲ್ಸ ಮಾಡ್ಬಾರ್ದಾಗಿತ್ತು!"

ಕಡೆಯ ಮಾತು ಹೇಳುವಾಗ ಪ್ರತಿ ಹಬ್ಬಕ್ಕೂ ಆ ಮಣೆಯನ್ನು ಉಜ್ಜಿ ನಯ ಮಾಡುತ್ತಿದ್ದ ಅಪ್ಪನ ಕೈ ನೆನಪಾಯಿತು.

ಆಗ ದೀಪಗಳು ಒಮ್ಮೆ ಬಾಗಿದವು. ಎಲ್ಲರ ಮೈಮೇಲೂ ತಣ್ಣನೆ ಗಾಳಿಯೊಂದು ಹಾದುಹೋಯಿತು. ಬಲಗಡೆಯ ಸೇವಂತಿಗೆ ಟಪ್ಪೆಂದು ಕೆಳಗೆ ಬಿತ್ತು!

"ಪ್ರಸಾದ ಆಯ್ತು!" ಎಂದು ವಿಮಲಮ್ಮ ಕೂಗಿದರು. ಸಂಪತ್ ಹೂ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ಒಂಟಿ ಕಾರ್ಡು, ಪಕ್ಕಾ" ಎಂದು ಹೋಳಿಗೆ ತಿಂದು ಹೋದ. ಹೆಂಗಸರು ಕುಂಕುಮ ಇಟ್ಟುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಹನುಮೇಶ ಅಮ್ಮನ ಪಕ್ಕ ಕೂತ. ಮೈ ಇನ್ನೂ ಜುಮ್ಮೆನ್ನುತ್ತಿತ್ತು. "ನೋಡಿದ್ಯಾ ಅಮ್ಮ? ನಿಜ ಹೇಳಿದ ತಕ್ಷಣ ಅಮ್ಮನೋರು ಹೂ ಕೊಟ್ರು! ಆ ಗಾಳಿ ಹೆಂಗೆ ಬಂತು, ನಂಗಂತೂ..."

ಚಿಕ್ಕಗಂಗಮ್ಮ ಬಿದ್ದ ಹೂವನ್ನು ಎತ್ತಿ ಅವನ ಕೈಗಿಟ್ಟರು. "ನಾಳೆ ಕದಲಿಸಿದ್ಮೇಲೆ ಮಣೆ ತಗೊಂಡೋಗು. ನಿಮ್ಮಪ್ಪನೂ ಬೇಡ ಅಂತಿರ್ಲಿಲ್ಲ, ಕೇಳಿದ್ದಿದ್ರೆ."

"ಆಗ್ಲಮ್ಮ."

"ಇನ್ನೊಂದು. ಅಮ್ಮನೋರು ಪಾಪ, ಬೆಳಗಿಂದ ಸುಮ್ನೆ ಕೂತವ್ರೆ ಕಣೋ. ನೀನು ಬಾಯಿ ಬಿಡೋವರ್ಗೂ ಫ್ಯಾನ್ ಸ್ವಿಚ್ ಮೇಲೆ ಕೈ ಇಟ್ಕೊಂಡು ನಿಂತಿದ್ದೋಳು ನಾನು!"