ತಪ್ಪು ಮಾಡಿದವರಿಗೆ ಮಾತ್ರ ಚೀಟಿ

ಮಂಗಳೂರಿನ ಶಾಲೆಯೊಂದರಲ್ಲಿ ನಾನು ಕೌನ್ಸೆಲರ್ ಆಗಿ ಹನ್ನೊಂದು ವರ್ಷವಾಯಿತು. ಮುಂದೆ ಹೇಳುವಂಥ ಪ್ರಸಂಗಗಳು ನಡೆಯದ ವಾರವೇ ಇಲ್ಲ. ನಗದಿದ್ದರೆ ಅಳಬೇಕು. ಅತ್ತರೆ ಸ್ಟಾಫ್ ರೂಮಿನವರು, "ನೀವು ಒಬ್ಬ ಒಳ್ಳೆ ಕೌನ್ಸೆಲರನ್ನು ನೋಡಿ" ಎನ್ನುತ್ತಾರೆ.

ಈ ವರ್ಷದ್ದೆಲ್ಲ ಒಬ್ಬ ಹುಡುಗಿಯನ್ನು ಮಾತಾಡಿಸಲು ಹೊರಟಾಗ ನಡೆದದ್ದು. ಒಂಬತ್ತನೇ ಕ್ಲಾಸು, ಮನೆ ಕೊಟ್ಟಾರದಲ್ಲಿ. ತಾಯಿ ನರ್ಸ್, ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕುವೈತಿಗೆ ಹೋದರು. ಅಂದಿನಿಂದ ಹುಡುಗಿ ಮಧ್ಯಾಹ್ನದ ಬುತ್ತಿಯನ್ನು ಕಾಂಪೌಂಡಿನ ಬೆಕ್ಕಿಗೆ ಸುರಿಯುತ್ತಾಳೆ. ಹೇಳಿದ್ದು ನಮ್ಮ ಆಯಾ. "ಬೆಕ್ಕು ದಪ್ಪ ಆಯ್ತು ಮಿಸ್, ಹುಡುಗಿ ಸಪೂರ ಆಯ್ತು."

೧. ಚೀಟಿ

ನಮ್ಮಲ್ಲಿ ಮಗು ತಾನಾಗಿ ನನ್ನ ಹತ್ತಿರ ಬರುವ ಹಾಗಿಲ್ಲ. ನಾನಾಗಿ ಕರೆಯುವ ಹಾಗೂ ಇಲ್ಲ. ಕ್ಲಾಸ್ ಟೀಚರ್ ಚೀಟಿ ಕೊಡಬೇಕು. ಆ ಚೀಟಿಯಲ್ಲಿ ಹೆಸರು, ಕ್ಲಾಸು, ಆಮೇಲೆ 'ಮಾಡಿದ ತಪ್ಪು' ಎಂದು ಒಂದು ಗೆರೆ. ಶಿಸ್ತು ಸಮಿತಿಯ ಹಳೇ ಪುಸ್ತಕ ಮಿಕ್ಕಿತ್ತಂತೆ, ಅದನ್ನೇ ನನಗೆ ದಾಟಿಸಿದ್ದಾರೆ.

ಹುಡುಗಿಗೊಂದು ಚೀಟಿ ಕೊಡಿ ಎಂದು ಅವಳ ಟೀಚರನ್ನು ಕೇಳಿದೆ.

"ಅವಳಿಗಾ? ಅವಳದ್ದು ಎಂತ ತಪ್ಪು ಉಂಟು? ಇಡೀ ದಿನ ಒಂದು ಶಬ್ದ ಮಾತಾಡುವುದಿಲ್ಲ."

"ಅದಕ್ಕೇ ಟೀಚರ್."

"ಇಡೀ ಕ್ಲಾಸು ಅವಳ ಹಾಗೆ ಇದ್ರೆ ನನ್ನ ಬಿಪಿ ಮಾತ್ರೆ ನಿಲ್ತದೆ ಮಾರಾಯ್ರೆ. ಅವಳನ್ನು ನೀವು ಸರಿ ಮಾಡ್ಲಿಕ್ಕೆ ಹೋಗ್ಬೇಡಿ."

೨. ತಂದೆ

ಬೇರೆ ದಾರಿಯಿಲ್ಲದೆ ತಂದೆಗೆ ಫೋನ್ ಮಾಡಿದೆ. ಪಾಪ, ಒಳ್ಳೆ ಮನುಷ್ಯ. ಬೆಳಿಗ್ಗೆ ಐದಕ್ಕೆ ಎದ್ದು ಮೊಬೈಲಿನಲ್ಲಿ ಹೆಂಡತಿಯನ್ನು ಕೇಳಿ ಕೇಳಿ ಅಡುಗೆ ಕಲಿಯುತ್ತಿದ್ದಾರೆ.

"ಊಟ ಸರಿ ಮಾಡ್ತಾಳೆ ಮಿಸ್. ಬುತ್ತಿ ದಿನಾ ಖಾಲಿ ಬರ್ತದೆ. ತೊಳೆಯುವುದು ನಾನೇ ಅಲ್ವಾ?"

ಹೇಳಬೇಕೋ ಬೇಡವೋ ಎಂದು ಯೋಚಿಸಿ ಬೆಕ್ಕಿನ ವಿಷಯ ಹೇಳಿದೆ.

"ಮೀನು ಸಾರು ಸಹ ತಿಂತದಾ ಬೆಕ್ಕು?" ಎಂದು ಮೆಲ್ಲಗೆ ಕೇಳಿದರು. "ಮನೆಯ ಬೆಕ್ಕು ಮೂಸಿಯೂ ನೋಡುವುದಿಲ್ಲ."

೩. ನನ್ನ ಕೋಣೆ

ನನ್ನ ಕೋಣೆಯ ಅರ್ಧದಲ್ಲಿ ನಾನಿದ್ದೇನೆ, ಉಳಿದರ್ಧದಲ್ಲಿ ಆಟದ ಸಾಮಾನು. ಒಂದು ಮಧ್ಯಾಹ್ನ ಹುಡುಗಿ ಚೀಟಿಯಿಲ್ಲದೆ ಬಂದು ಬಾಗಿಲಲ್ಲಿ ನಿಂತಳು. ನಾನು "ಕೂತ್ಕೊ" ಎಂದೆ. ಕೂತಳು. ಬಾಯಿ ತೆರೆದಳು. ಅಷ್ಟರಲ್ಲಿ ಪಿ.ಟಿ. ಸರ್ ನುಗ್ಗಿದರು.

"ನೀವು ಮಾತಾಡಿ, ನಾನು ಕೇಳುವುದಿಲ್ಲ" ಎಂದು ಗಟ್ಟಿಯಾಗಿ ಚೆಂಡು ಎಣಿಸತೊಡಗಿದರು. ಒಂದು ಕಡಿಮೆ ಬಂತು. ಹುಡುಗಿ ಎದ್ದು ಬೆಂಚಿನಡಿ ಬಗ್ಗಿ ಚೆಂಡು ತೆಗೆದು ಅವರ ಕೈಗಿಟ್ಟು ಹೊರಟೇ ಹೋದಳು.

"ಒಳ್ಳೆ ಹುಡುಗಿ" ಎಂದರು ಪಿ.ಟಿ. ಸರ್. "ನಿಮ್ಮ ಕೌನ್ಸೆಲಿಂಗಿನಿಂದ ಪ್ರಯೋಜನ ಉಂಟು, ಆಯ್ತಾ."

೪. ಅಸೆಂಬ್ಲಿ

ಚೀಟಿಯ ಪದ್ಧತಿ ಬಿಡಿ, ಮಕ್ಕಳು ತಾವಾಗಿ ಬರಲಿ ಎಂದು ಹೆಡ್‌ಮಾಸ್ಟರರ ಬೆನ್ನುಬಿದ್ದೆ. ಕೊನೆಗೆ "ಆಯ್ತು" ಎಂದರು. ಅವರು ಅಂದರೆ ಅಂದ ಹಾಗೆಯೇ. ಮರುದಿನವೇ ಅಸೆಂಬ್ಲಿಯಲ್ಲಿ ಮೈಕ್ ಹಿಡಿದರು.

"ಮನಸ್ಸಿನ ತೊಂದರೆ ಇದ್ದವರು ಈಗಲೇ ಕೈ ಎತ್ತಿ."

ಹುಡುಗಿ ಎರಡೂ ಕೈ ಹಿಂದೆ ಕಟ್ಟಿ ನಿಂತಿದ್ದಳು. ಕೊನೆಗೆ ಮೇಲೆದ್ದದ್ದು ಒಂದೇ ಕೈ, ಅಧ್ಯಾಪಕರ ಸಾಲಿನಲ್ಲಿ, ಗಣಿತದ ಸರ್‌ದು.

"ಸ್ಟಾಫಿಗೆ ಇಲ್ಲ" ಎಂದರು ಹೆಡ್‌ಮಾಸ್ಟರ್. ಆಮೇಲೆ ನನ್ನ ಕಡೆ ತಿರುಗಿ, "ನೋಡಿ, ಯಾರಿಗೂ ಏನೂ ಇಲ್ಲ" ಎಂದರು.

ಆ ದಿನ ನಾನು ಬಲ್ಮಠದಲ್ಲಿ ಬಸ್ಸಿಗೆ ಕಾಯುತ್ತಾ ರಾಜೀನಾಮೆ ಪತ್ರದ ಮೊದಲ ಎರಡು ಸಾಲು ಮನಸ್ಸಿನಲ್ಲೇ ಬರೆದೆ. ಬಸ್ಸು ಬಂತು, ಸೀಟು ಸಿಗಲಿಲ್ಲ, ಪತ್ರ ಅಲ್ಲಿಗೇ ನಿಂತಿತು.

೫. ಮಾಡಿದ ತಪ್ಪು

ಹೋದ ಗುರುವಾರ ಹುಡುಗಿ ಚೀಟಿ ಹಿಡಿದು ಬಂದಳು. 'ಮಾಡಿದ ತಪ್ಪು: ಬೋರ್ಡಿನಲ್ಲಿ ಬರೆಯುತ್ತಿದ್ದ ಅಧ್ಯಾಪಕರಿಗೆ ಚಾಕ್ ಎಸೆದದ್ದು.' ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಸೇರಿಸಿದ್ದರು: 'ಇವಳಿಂದ ಇದನ್ನು ನಿರೀಕ್ಷಿಸಿರಲಿಲ್ಲ.'

"ಎಂತಕ್ಕೆ ಎಸೆದದ್ದು?" ಎಂದು ಕೇಳಿದೆ.

"ಮೊದಲಿನ ಮೂರು ಚಾಕ್ ಸರ್‌ಗೆ ತಾಗ್ಲೇ ಇಲ್ಲ ಮಿಸ್" ಎಂದಳು. "ನಾಲ್ಕನೆಯದ್ದು ತಾಗಿತು."

ಆಮೇಲೆ ಅತ್ತಳು. ಮೂರು ತಿಂಗಳದ್ದನ್ನೆಲ್ಲ ಒಟ್ಟಿಗೆ ಅತ್ತಳು. "ಬುತ್ತಿ ತೆರೆದ್ರೆ ಮಮ್ಮಿ ಇಲ್ಲ ಅಂತ ಗೊತ್ತಾಗ್ತದೆ ಮಿಸ್. ಪಪ್ಪನಿಗೆ ಹೇಳಿದ್ರೆ ಬೇಜಾರಾಗ್ತದೆ." ನಾನು ಕೇಳುತ್ತಾ ಕೂತೆ. ಹೇಳಿ ಅರ್ಧವೂ ಆಗಿರಲಿಲ್ಲ, ಬೆಲ್ ಹೊಡೆಯಿತು. ಒಂದು ಚೀಟಿಗೆ ಒಂದೇ ಪಿರಿಯಡ್.

ಹುಡುಗಿ ಮುಖ ಒರೆಸಿ, ಬಾಗಿಲ ತನಕ ಹೋಗಿ ತಿರುಗಿದಳು.

"ಇನ್ನೂ ಹೇಳ್ಲಿಕ್ಕೆ ಉಂಟು ಮಿಸ್. ಬರುವ ವಾರಕ್ಕೆ ಚಾಕ್ ಸಾಕಾ, ಡಸ್ಟರ್ ಬಿಸಾಡ್ಬೇಕಾ?"